ಮತದಾನದ ನಂತರದ ತಾರೀಖು

ಯುದ್ಧ ಇಲಾಖೆಯ ಮೂರನೇ ಮಹಡಿಯ ಮೂಲೆಯಲ್ಲಿ 'ಕುಟುಂಬ ಸಂಪರ್ಕ ಶಾಖೆ' ಅಂತ ಒಂದು ಕೋಣೆ ಇತ್ತು. ಹೆಸರು ಕೇಳಿದವರು ಸಂಬಂಧ ಕುದುರಿಸುವ ಕಚೇರಿ ಅಂದುಕೊಳ್ಳಬೇಕು, ಹಾಗಿತ್ತು. ಅಲ್ಲಿ ನಡೆಯುತ್ತಿದ್ದದ್ದು ಒಂದೇ ಕೆಲಸ. ಸಮುದ್ರದಾಚೆಯ ಯುದ್ಧದಲ್ಲಿ ಸತ್ತ ಸೈನಿಕರ ಮನೆಗೆ ಸರಕಾರದ ಪರವಾಗಿ ಕಾಗದ ಬರೆಯುವುದು. ಕೋಣೆಯಲ್ಲಿ ಎರಡು ಮೇಜು, ಒಂದು ಹಸಿರು ಕಬ್ಬಿಣದ ಬೀರು, ಮುಚ್ಚಲು ಬಾರದ ಒಂದು ಕಿಟಕಿ. ಒಂದು ಮೇಜಿನ ಹಿಂದೆ ಶಾಖಾಧಿಕಾರಿ, ಇನ್ನೊಂದರ ಹಿಂದೆ ಟೈಪಿಸ್ಟಮ್ಮ.

ಟೈಪಿಸ್ಟಮ್ಮ ಇಲಾಖೆಗೆ ಸೇರಿದ್ದು ಬೂಟು ಮತ್ತು ಕಂಬಳಿ ಶಾಖೆಗೆ. ಹದಿನಾಲ್ಕು ವರ್ಷ ಬೂಟಿನ ಅಳತೆಗಳನ್ನೇ ಬಡಿದಳು. ಆಮೇಲೆ ಯುದ್ಧ ಶುರುವಾಯಿತು. ತಪ್ಪಿಲ್ಲದೆ ಬಡಿಯುವ ಕೈ ಬೇಕು, ಸತ್ತವನ ಹೆಸರು ತಪ್ಪಾದರೆ ಸರಕಾರದ ಮರ್ಯಾದೆ ಹೋಗುತ್ತದೆ ಅಂತ ಅವಳನ್ನು ಮೇಲಕ್ಕೆ ಎತ್ತಿಹಾಕಿದರು. ಜೀವ ಹೋದರೆ ಮರ್ಯಾದೆ ಹೋಗುವುದಿಲ್ಲ, ಅಕ್ಷರ ಹೋದರೆ ಹೋಗುತ್ತದೆ ಅನ್ನುವ ಇಲಾಖೆ ಅದು.

ಶಾಖಾಧಿಕಾರಿಯನ್ನು ಇಡೀ ಕಟ್ಟಡ 'ಅಲ್ಪವಿರಾಮ' ಅಂತಲೇ ಕರೆಯುತ್ತಿತ್ತು. ಯಾವ ಕಾಗದ ಮುಂದಿಟ್ಟರೂ ಒಂದು ಅಲ್ಪವಿರಾಮ ಸೇರಿಸಿಯೋ ತೆಗೆದೋ ವಾಪಸು ಕೊಡುವುದು ಅವರ ಜೀವಮಾನದ ಸಾಧನೆ. "ನಾನು ಯಾವ ಪಕ್ಷದವನೂ ಅಲ್ಲಮ್ಮ, ಪಿಂಚಣಿ ಪಕ್ಷದವನು" ಅನ್ನುತ್ತಿದ್ದರು. ಆ ಪಕ್ಷಕ್ಕೆ ಅವರು ಒಮ್ಮೆಯೂ ದ್ರೋಹ ಬಗೆದವರಲ್ಲ.

ಕಾಗದಕ್ಕೆ ಒಂದು ಮಾದರಿ ಇತ್ತು. ಸತ್ತವರೆಲ್ಲ ಧೈರ್ಯಶಾಲಿಗಳು, ಸಹೋದ್ಯೋಗಿಗಳ ಅಚ್ಚುಮೆಚ್ಚಿನವರು. ಅದರಲ್ಲಿ ಬದಲಾವಣೆ ಇಲ್ಲ. ಬದಲಾಗುತ್ತಿದ್ದದ್ದು ಕೊನೆಯ ಸಾಲು. ಮೊದಲ ವರ್ಷ, 'ಅಂತಿಮ ವಿಜಯದವರೆಗೆ ದೇಶ ವಿರಮಿಸುವುದಿಲ್ಲ' ಅಂತಿತ್ತು. ನಗರಸಭೆ ಚುನಾವಣೆಯಲ್ಲಿ ಆಳುವ ಪಕ್ಷ ಮಣ್ಣು ಮುಕ್ಕಿತು. ಮರುವಾರವೇ 'ಅಂತಿಮ ವಿಜಯ' ಹೋಗಿ 'ಗುರಿ ಸಾಧನೆ' ಬಂತು. ಗುರಿ ಯಾವುದು ಅಂತ ಕೇಳುವ ಅಧಿಕಾರ ಟೈಪಿಸ್ಟಮ್ಮನಿಗೂ ಇರಲಿಲ್ಲ, ಸತ್ತವನಿಗೂ ಇರಲಿಲ್ಲ. ಮೂರನೇ ವರ್ಷ ಜನಾಭಿಪ್ರಾಯದ ಸಮೀಕ್ಷೆ ಇನ್ನಷ್ಟು ಕುಸಿದಾಗ 'ಗೌರವಯುತ ಪರಿಹಾರ' ಬಂತು. ಅಷ್ಟರಲ್ಲಿ ಎರಡು ಉಪಚುನಾವಣೆ ಗೆದ್ದದ್ದೇ ತಡ, 'ವಿಜಯ' ಓಡೋಡಿ ವಾಪಸು ಬಂತು. ಹೀಗಾಗಿ ಒಂದೇ ಬೀದಿಯ ಇಬ್ಬರು ತಾಯಂದಿರಲ್ಲಿ ಒಬ್ಬಳ ಮಗ ವಿಜಯಕ್ಕಾಗಿಯೂ ಇನ್ನೊಬ್ಬಳ ಮಗ ಪರಿಹಾರಕ್ಕಾಗಿಯೂ ಸತ್ತಿದ್ದ. ಸತ್ತದ್ದು ಮಾತ್ರ ಒಂದೇ ಸೇತುವೆಯ ಮೇಲೆ.

ಟೈಪಿಸ್ಟಮ್ಮನ ಗಂಡ ಕ್ಷೌರಿಕ. ಕೆಳಬೀದಿಯಲ್ಲಿ ಎರಡು ಕುರ್ಚಿಯ ಅಂಗಡಿ. ಬಾಗಿಲ ಕಡೆಯ ಕುರ್ಚಿಯಲ್ಲಿ ಯುದ್ಧ ಬೇಕು ಅನ್ನುವವರು, ಗೋಡೆ ಕಡೆಯದರಲ್ಲಿ ಬೇಡ ಅನ್ನುವವರು ಕೂರುವುದು ಅದು ಹೇಗೋ ರೂಢಿಯಾಗಿಬಿಟ್ಟಿತ್ತು. "ಬೇಕು ಅನ್ನೋರ ತಲೇಲಿ ಕೂದಲು ಕಮ್ಮಿ" ಅನ್ನುತ್ತಿದ್ದ. "ವಯಸ್ಸಾದೋರು ನೋಡು. ಹೋಗಬೇಕಾದೋರು ಅವರಲ್ಲವಲ್ಲ. ಆದ್ರೆ ಗಂಟಲ ಮೇಲೆ ಕತ್ತಿ ಇಟ್ಟಾಗ ಎಲ್ರೂ ಶಾಂತಿಪ್ರಿಯರೇ ಕಣೇ."

ಅವರ ಮನೆ ಎರಡನೇ ಮಹಡಿಯಲ್ಲಿ. ಎದುರು ಬಾಗಿಲಲ್ಲಿ ಗುಂಡಿಯಮ್ಮ. ಗುಂಡಿ, ಜಿಪ್ಪು, ಲಾಡಿ, ದಾರ ಮಾರುವ ಪುಟ್ಟ ಅಂಗಡಿ ಅವಳದು. ಕಟ್ಟಡದ ಕೆಳಗೇ ಇತ್ತು. ಗಂಡ ಎಂದೋ ತೀರಿಕೊಂಡಿದ್ದ. ಒಬ್ಬನೇ ಮಗ ಆ ಯುದ್ಧದಲ್ಲಿ ಸಾಮಾನು ಸಾಗಿಸುವ ಲಾರಿ ಓಡಿಸುತ್ತಿದ್ದ. ಗುಂಡಿಯಮ್ಮನ ಕಿಟಕಿಗೆ ಆಳುವ ಪಕ್ಷದ ಭಿತ್ತಿಪತ್ರ ಅಂಟಿತ್ತು: 'ಹೆಜ್ಜೆ ಹಿಂದಿಡೆವು'. ಟೈಪಿಸ್ಟಮ್ಮ ಒಮ್ಮೆ ಅದರ ಬಗ್ಗೆ ಕೇಳಿದ್ದಳು.

"ಅಲ್ಲಕ್ಕಾ, ಹಿಂದೆ ಬಂದ್ರೆ ನಿನ್ನ ಮಗನೇ ತಾನೇ ಮನೆಗೆ ಬರೋದು?"

"ಬರ್ತಾನೆ. ಆದ್ರೆ ನಾಲ್ಕು ವರ್ಷ ಅಲ್ಲಿ ಸುಮ್ನೆ ಮಣ್ಣು ಹೊತ್ತನಾ ಅಂತ ನನ್ನೇ ಕೇಳ್ತಾನೆ. ಏನು ಹೇಳ್ಲಿ?" ಅಂದಿದ್ದಳು ಗುಂಡಿಯಮ್ಮ.

ಮಗನ ಕಾಗದ ಬಂದಾಗಲೆಲ್ಲ ಗುಂಡಿಯಮ್ಮ ಎದುರು ಬಾಗಿಲು ತಟ್ಟಿ ಓದಿ ಹೇಳುತ್ತಿದ್ದಳು. ಮಹಾಚುನಾವಣೆಯ ತಾರೀಖು ಗೊತ್ತಾದ ಮೇಲೆ ಬಂದ ಕಾಗದದಲ್ಲಿ ಹೀಗಿತ್ತು: 'ಇಲ್ಲಿನ ಜನಕ್ಕೆ ನಮ್ಮ ಎಲೆಕ್ಷನ್ ವಿಷಯ ನಮಗಿಂತ ಚೆನ್ನಾಗಿ ಗೊತ್ತಮ್ಮ. ಟೀ ಮಾರೋನು ದಿನಾ ಕೇಳ್ತಾನೆ, ಈ ಸಲ ಯಾರು ಗೆಲ್ತಾರೆ, ನೀವು ಇರ್ತೀರೋ ಹೋಗ್ತೀರೋ ಅಂತ. ನೀವು ಹೋಗೋದಾದ್ರೆ ನನ್ನ ಮಗನ್ನ ಆ ಕಡೆಯೋರ ಜೊತೆ ಈಗಲೇ ಸೇರಿಸ್ತೀನಿ, ತಡವಾದ್ರೆ ಒಳ್ಳೆ ಜಾಗ ಸಿಗಲ್ಲ ಅಂತಾನೆ. ನಮ್ಮ ಕ್ಯಾಪ್ಟನ್ ಹೇಳ್ತಾರೆ, ಆ ಕಡೆಯೋರು ಯುದ್ಧ ಗೆಲ್ಲೋಕೆ ಹೋಗ್ತಿಲ್ಲವಂತೆ, ನಮ್ಮ ಮತದಾರರ ತಾಳ್ಮೆ ಮುಗಿಯೋದನ್ನ ಕಾಯ್ತಿದ್ದಾರಂತೆ. ಈ ತಿಂಗಳು ರಸ್ತೇಲಿ ಬಾಂಬು ಜಾಸ್ತಿ. ಕಾಲುಚೀಲ ಕಳಿಸು.'

ಗುಂಡಿಯಮ್ಮನಿಗೆ ಕೊನೆಯ ವಾಕ್ಯ ಮಾತ್ರ ಕಿವಿಗೆ ಬಿತ್ತು. ಅವತ್ತೇ ನೂಲು ತೆಗೆದು ಕೂತಳು.

ಮತದಾನ ಇಪ್ಪತ್ತೈದಕ್ಕೆ. ಆ ತಿಂಗಳ ಎರಡನೇ ತಾರೀಖು ಅಲ್ಪವಿರಾಮ ಒಂದು ಸುತ್ತೋಲೆ ಹಿಡಿದುಕೊಂಡು ಬಂದರು. ಮುಖ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಹಾಗಿತ್ತು.

"ಇನ್ಮೇಲೆ ಬರೋ ಹೆಸರುಗಳ ಗುರುತನ್ನ ಹೆಚ್ಚು ಎಚ್ಚರಿಕೆಯಿಂದ ಪರಿಶೀಲನೆ ಮಾಡಬೇಕಂತೆ. ಅದಕ್ಕೆ ಸಮಯ ಹಿಡಿಯುತ್ತಲ್ಲ. ಆದ್ರಿಂದ ಕಾಗದಗಳನ್ನ ಟೈಪ್ ಮಾಡಿ ಬೀರೂಲಿ ಇಡೋದು. ತಾರೀಖು ಇಪ್ಪತ್ತಾರು ಹಾಕೋದು."

"ಪರಿಶೀಲನೆ ಇಪ್ಪತ್ತಾರಕ್ಕೇ ಮುಗಿಯುತ್ತೆ ಅಂತ ಹೇಗೆ ಗೊತ್ತಾಯ್ತು ಸಾರ್?"

"ಮೇಲಿನವರಿಗೆ ದೂರದೃಷ್ಟಿ ಇರುತ್ತಮ್ಮ."

ಟೈಪಿಸ್ಟಮ್ಮ ಬಡಿದಳು. ಅವಳನ್ನು ದೊಡ್ಡ ಧೀರೆ ಅಂತ ಆಮೇಲೆ ಬಹಳ ಜನ ಹೊಗಳಿದರು. ಆದರೆ ಆ ವಾರ ಅವಳು ಒಂದಕ್ಷರ ಎದುರಾಡದೆ ಇಪ್ಪತ್ತಾರು ಅಂತಲೇ ಬಡಿದಳು ಅನ್ನುವುದು ನಿಜ. ಪ್ರತಿ ಕಾಗದದ ಬುಡದಲ್ಲಿ, ಕಚೇರಿಯ ಹಳೇ ನಿಯಮದಂತೆ, ಟೈಪ್ ಮಾಡಿದ ದಿನವನ್ನು ಸಣ್ಣದಾಗಿ ಹಾಕುತ್ತಿದ್ದಳು. ಅದನ್ನು ಬಿಡು ಅಂತ ಸುತ್ತೋಲೆಯಲ್ಲಿ ಯಾರೂ ಬರೆದಿರಲಿಲ್ಲ. ದೂರದೃಷ್ಟಿ ಇರುವವರಿಗೆ ಕಾಲಬುಡ ಕಾಣುವುದಿಲ್ಲ.

ಎಂಟನೇ ತಾರೀಖಿನ ಪಟ್ಟಿಯಲ್ಲಿ ಗುಂಡಿಯಮ್ಮನ ಮಗನ ಹೆಸರಿತ್ತು. ನಾಲ್ಕನೇ ತಾರೀಖು, ಬೆಳಗ್ಗೆ, ರಸ್ತೆಬಾಂಬು. ಟೈಪಿಸ್ಟಮ್ಮ ವಿಳಾಸವನ್ನು ಎರಡು ಸಲ ಓದಿದಳು. ಮನೆ ಸಂಖ್ಯೆಯಲ್ಲಿ ಅವಳದಕ್ಕೂ ಇದಕ್ಕೂ ಒಂದು ಅಂಕೆ ವ್ಯತ್ಯಾಸ.

"ಸಾರ್, ಈ ಹುಡುಗ ನಮ್ಮೆದುರು ಮನೆಯೋನು."

ಅಲ್ಪವಿರಾಮ ಕನ್ನಡಕ ತೆಗೆದರು. ನಿಜಕ್ಕೂ ಅವರ ಮುಖ ಬಾಡಿತು. ಆಮೇಲೆ ಕನ್ನಡಕ ಹಾಕಿಕೊಂಡರು.

"ನೋಡಮ್ಮ, ಸತ್ತೋನು ಎಲ್ಲೂ ಹೋಗಲ್ಲ. ಆ ತಾಯಿಗೆ ಇನ್ನೂ ಹದಿನೇಳು ದಿನ ಮಗ ಇದ್ದಾನೆ ಅಂದ್ಕೋ. ಒಂಥರಾ ಉಪಕಾರವೇ ಅಲ್ವಾ?"

ಹೀಗೆ ಸರಕಾರ ಸತ್ತವರ ಆಯುಸ್ಸನ್ನೂ ಹೆಚ್ಚಿಸುತ್ತಿತ್ತು. ಟೈಪಿಸ್ಟಮ್ಮ ಕಾಗದ ಬಡಿದಳು. 'ಧೈರ್ಯಶಾಲಿ' ಅನ್ನುವಲ್ಲಿ ಮೊದಲ ಸಲ ಅವಳ ಬೆರಳು ತಪ್ಪಿತು. ಹಾಳೆ ಕಿತ್ತು ಹೊಸದಾಗಿ ಹಾಕಿದಳು.

ಸಂಜೆ ಮನೆಗೆ ಬಂದರೆ ಗುಂಡಿಯಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಕೈಯಲ್ಲಿ ಕಂದು ಕಾಗದ ಸುತ್ತಿದ ಪೊಟ್ಟಣ. ಮೂರು ಜೊತೆ ಕಾಲುಚೀಲ.

"ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತೆ. ನಾನು ಬರೆದ್ರೆ ಅಂಚೆಯೋರು ಇನ್ಯಾವ ದೇಶಕ್ಕೋ ಕಳಿಸ್ತಾರೆ. ವಿಳಾಸ ಬರೆದುಕೊಡೇ."

ಈಗ ಹೇಳಬೇಕಿತ್ತು. ಟೈಪಿಸ್ಟಮ್ಮ ಬಾಯಿ ತೆರೆದಳು, ಬಂದದ್ದು "ಪೆನ್ನು ಎಲ್ಲಿ?" ಅನ್ನುವ ಮಾತು. ಗೋಡೆಗೆ ಪೊಟ್ಟಣ ಒತ್ತಿಟ್ಟುಕೊಂಡು ಸತ್ತವನ ಹೆಸರು, ದಳದ ಸಂಖ್ಯೆ, ಎಲ್ಲ ದುಂಡಗೆ ಬರೆದಳು. ಗುಂಡಿಯಮ್ಮ ದೂರ ಹಿಡಿದು ನೋಡಿ ಮೆಚ್ಚಿದಳು.

ಗಂಡನಿಗೆ ಮಾತ್ರ ಹೇಳಿದಳು. "ಹೇಳಿದ್ರೆ ಕೆಲಸ ಹೋಗುತ್ತೆ. ಹೇಳದಿದ್ರೆ ನಿದ್ದೆ ಹೋಗುತ್ತೆ. ಯಾವುದು ಬೇಕು ನೋಡ್ಕೋ" ಅಂದ. ಗಂಡಂದಿರ ಸಲಹೆ ಸಾಮಾನ್ಯವಾಗಿ ಇಷ್ಟೇ ಸ್ಪಷ್ಟವಾಗಿರುತ್ತದೆ.

ನಾಲ್ಕು ದಿನ ಟೈಪಿಸ್ಟಮ್ಮ ಮೆಟ್ಟಿಲು ಹತ್ತುವಾಗ ಚಪ್ಪಲಿ ಕೈಯಲ್ಲಿ ಹಿಡಿದಳು, ಸದ್ದಾಗಬಾರದು ಅಂತ. ಐದನೇ ದಿನ ಶನಿವಾರ. ಗುಂಡಿಯಮ್ಮ ತಾನೇ ಬಾಗಿಲು ತಟ್ಟಿದಳು. ಮೈಮೇಲೆ ಹೊಸ ನೀಲಿ ಸೀರೆ, ಕೈಯಲ್ಲಿ ಅಚ್ಚು ಮಾಡಿದ ಹಾಳೆ.

"ನಾಳೆ ಮೈದಾನದ ಸಭೇಲಿ ನಾನು ಮಾತಾಡ್ಬೇಕಂತೆ! ಪಕ್ಷದೋರು ಬಂದಿದ್ರು. ಸೈನಿಕನ ತಾಯಿ ಅಂತ ವೇದಿಕೆ ಮೇಲೆ ಕೂರಿಸ್ತಾರಂತೆ, ಮಂತ್ರಿಗಳ ಪಕ್ಕ. ಭಾಷಣ ಅವರೇ ಬರೆದುಕೊಟ್ಟಿದ್ದಾರೆ. ಸ್ವಲ್ಪ ಕೇಳು." ಕನ್ನಡಕ ಏರಿಸಿ ಓದಿದಳು: "ನನ್ನ ಮಗ ಅಲ್ಲಿ ಬೆನ್ನು ತಿರುಗಿಸದೆ ನಿಂತಿದ್ದಾನೆ. ನೀವೂ ಬೆನ್ನು ತಿರುಗಿಸಬೇಡಿ..."

ಟೈಪಿಸ್ಟಮ್ಮ ಅವಳ ಕೈಯಿಂದ ಹಾಳೆ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಬಾಗಿಲು ಮುಚ್ಚಿದಳು. "ಅಕ್ಕಾ, ಕೂತ್ಕೋ" ಅಂದಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. 'ಧೈರ್ಯಶಾಲಿ' ಅನ್ನಲಿಲ್ಲ. ಬೆಳಗ್ಗೆ, ರಸ್ತೆಯಲ್ಲಿ, ನಾಲ್ಕನೇ ತಾರೀಖು ಅಂದಳು.

ಗುಂಡಿಯಮ್ಮ ಸೀರೆಯ ಅಂಚನ್ನು ಮಡಚುತ್ತ ಬಿಚ್ಚುತ್ತ ಕೂತಳು. "ಕಾಗದ ಎಲ್ಲಿ?" ಅಂದಳು ಕೊನೆಗೆ.

"ಬೀರೂಲಿ. ಇಪ್ಪತ್ತಾರನೇ ತಾರೀಖು ಹಾಕಿದೆ."

"ಓಟು ಇಪ್ಪತ್ತೈದಕ್ಕಲ್ವಾ?"

"ಹೌದು."

ಗುಂಡಿಯಮ್ಮ ಎದ್ದು, ಮೇಜಿನ ಮೇಲಿದ್ದ ಭಾಷಣವನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಎದುರು ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಅಳು ಕೇಳಿಸಿತು. ಟೈಪಿಸ್ಟಮ್ಮ ಹೋಗಿ ತಟ್ಟಿದಳು, ಬಾಗಿಲು ತೆಗೆಯಲಿಲ್ಲ.

ಮರುದಿನ ಮೈದಾನದಲ್ಲಿ ಜನಜಂಗುಳಿ. ಟೈಪಿಸ್ಟಮ್ಮ, ಗಂಡ ಇಬ್ಬರೂ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಗುಂಡಿಯಮ್ಮ ಬರಲಾರಳು ಅಂದುಕೊಂಡಿದ್ದರು. ಬಂದಿದ್ದಳು. ಅದೇ ನೀಲಿ ಸೀರೆ. ಮಂತ್ರಿಗಳು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಫೋಟೋ ತೆಗೆಯುವವರು ಮುಗಿಸುವ ತನಕ ಬಿಡಲಿಲ್ಲ. ಅವರು ಅರ್ಧ ಗಂಟೆ ಮಾತಾಡಿದರು. ಈ ದೇಶದ ಸಂಕಲ್ಪ ಕಲ್ಲಿನಂಥದ್ದು ಅಂದರು. ಸಮೀಕ್ಷೆಯಲ್ಲಿ ಅವರ ಪಕ್ಷ ಹಿಂದಿದ್ದ ವಿಷಯ ತಿಳಿದಿದ್ದವರು ಹೆಚ್ಚು ಜೋರಾಗಿ ಚಪ್ಪಾಳೆ ತಟ್ಟಿದರು.

ಗುಂಡಿಯಮ್ಮ ಎದ್ದು ಹಾಳೆ ಬಿಡಿಸಿದಳು. ಬರೆದುಕೊಟ್ಟದ್ದನ್ನು ಅಕ್ಷರ ಬಿಡದೆ ಓದಿದಳು, ಶಾಲೆಯ ಹುಡುಗಿಯ ಹಾಗೆ, ಒಂದೇ ಸ್ವರದಲ್ಲಿ.

"ನನ್ನ ಮಗ ಅಲ್ಲಿ ಬೆನ್ನು ತಿರುಗಿಸದೆ ನಿಂತಿದ್ದಾನೆ. ನೀವೂ ಬೆನ್ನು ತಿರುಗಿಸಬೇಡಿ." ಚಪ್ಪಾಳೆ ನಿಲ್ಲುವ ತನಕ ಕಾದಳು. ಹಾಳೆ ಮಡಚಿದಳು. "ಇನ್ಮೇಲೆ ಅವನು ತಿರುಗೋಕೂ ಆಗಲ್ಲ. ನಾಲ್ಕನೇ ತಾರೀಖೇ ಸತ್ತುಹೋದ. ನನಗೆ ಇಪ್ಪತ್ತಾರಕ್ಕೆ ತಿಳಿಸ್ತಾರಂತೆ. ಅಲ್ಲೀತನಕ ಅವನ ಹೆಸರಲ್ಲಿ ಓಟು ಕೇಳು ಅಂತ ನನ್ನ ಇಲ್ಲಿ ಕೂರಿಸಿದ್ದಾರೆ."

ಮೈಕು ಸತ್ತಿತು. ಯಾರೋ ಬ್ಯಾಂಡಿನವರಿಗೆ ಸನ್ನೆ ಮಾಡಿದರು. ಬ್ಯಾಂಡಿನವರಿಗೆ ಗೊತ್ತಿದ್ದದ್ದು ವಿಜಯಗೀತೆ ಒಂದೇ, ಅದನ್ನೇ ಊದಿದರು.

ಅವತ್ತೇ ಸಂಜೆ ಇಲಾಖೆಯಲ್ಲಿ ಗಡಿಬಿಡಿ. ಯಾವ ಕಾಗದವನ್ನೂ ತಡೆಹಿಡಿದಿಲ್ಲ, ಎಲ್ಲ ಅಂಚೆಯಲ್ಲಿವೆ ಅಂತ ಮಂತ್ರಿಗಳು ಪತ್ರಿಕೆಯವರಿಗೆ ಹೇಳಿಬಿಟ್ಟಿದ್ದರು. ಹೇಳಿದ ಮೇಲೆ ಅಂಚೆಗೆ ಹಾಕಬೇಕಲ್ಲ. ಅಲ್ಪವಿರಾಮ ಓಡಿ ಬಂದು ಬೀರು ತೆಗೆದು, ನಲವತ್ತೊಂದು ಕಾಗದಗಳನ್ನೂ ಹಾಗೆಹಾಗೇ ಲಕೋಟೆಗೆ ತುರುಕಿ ಕಳಿಸಿದರು. ಜೀವಮಾನವೆಲ್ಲ ಅಲ್ಪವಿರಾಮ ನೋಡಿದ ಮನುಷ್ಯ ತಾರೀಖು ನೋಡಲಿಲ್ಲ. ಹದಿನಾರನೇ ತಾರೀಖು ನಲವತ್ತೊಂದು ಮನೆಗಳಿಗೆ ಇಪ್ಪತ್ತಾರನೇ ತಾರೀಖಿನ ಸಂತಾಪ ಬಂತು. ಕಾಗದದ ಬುಡದಲ್ಲಿ ಸಣ್ಣದಾಗಿ ಐದು, ಆರು, ಎಂಟು, ಹತ್ತು.

ಅದನ್ನು ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ಟೈಪಿಸ್ಟಮ್ಮನನ್ನು ಕರೆಸಿದರು. ಮೂವರು ಅಧಿಕಾರಿಗಳು ಒಂದೇ ಪ್ರಶ್ನೆಯನ್ನು ಮೂರು ರೀತಿ ಕೇಳಿದರು. "ಹೌದು, ನಾನೇ ಹೇಳಿದ್ದು" ಅಂದಳು. ರಾಷ್ಟ್ರದ ಸ್ಥೈರ್ಯ ಕುಂದಿಸಿದ ಆರೋಪದ ಮೇಲೆ ಅಮಾನತು ಮಾಡಿದರು. ನಾಲ್ಕು ವರ್ಷ ಬಾಂಬಿಗೂ ಜಗ್ಗದ ರಾಷ್ಟ್ರದ ಸ್ಥೈರ್ಯ ಒಬ್ಬ ಟೈಪಿಸ್ಟಮ್ಮನ ಒಂದು ಮಾತಿಗೆ ಕುಂದಿತು ಅಂದರೆ ಆ ಸ್ಥೈರ್ಯ ಎಂಥದ್ದಿರಬೇಕು ಅಂತ ಕ್ಷೌರದಂಗಡಿಯಲ್ಲಿ ಚರ್ಚೆಯಾಯಿತು. ಆ ವಾರ ಬಾಗಿಲ ಕಡೆಯ ಕುರ್ಚಿ ಖಾಲಿ ಹೊಡೆಯಿತು.

ವಿರೋಧ ಪಕ್ಷದವರಿಗಂತೂ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಮೂವರು ಗುಂಡಿಯಮ್ಮನ ಅಂಗಡಿಗೆ ಬಂದರು, ಅವಳ ಮಗನ ಫೋಟೋ ಹಾಕಿದ ಭಿತ್ತಿಪತ್ರದ ಮಾದರಿ ಹಿಡಿದುಕೊಂಡು. 'ಇವನ ಸಾವಿಗೆ ಉತ್ತರ ನಿಮ್ಮ ಮತ.' ಫೋಟೋ ಎಲ್ಲಿ ಸಿಕ್ಕಿತೋ. ಗುಂಡಿಯಮ್ಮ ಲಾಡಿ ಅಳೆಯುವ ಮರದ ಕೋಲು ತೆಗೆದುಕೊಂಡಳು.

"ನಿನ್ನೆ ಅವರು ಬದುಕಿದ್ದಾನೆ ಅಂತ ಮಾರಿದ್ರು, ಇವತ್ತು ನೀವು ಸತ್ತಿದ್ದಾನೆ ಅಂತ ಮಾರ್ತೀರಾ? ಇಳೀರಿ ಕೆಳಗೆ!"

ಮೂವರೂ ಅಂಗಡಿಯ ಮೆಟ್ಟಿಲು ಇಳಿದರು. ಒಬ್ಬನ ಭುಜಕ್ಕೆ ಪೆಟ್ಟು ಬಿದ್ದಿತ್ತು. ಅವನು ಆಮೇಲೆ ಶಾಸಕನಾದ.

ಮತದಾನಕ್ಕೆ ಐದು ದಿನ ಇರುವಾಗ ಆಳುವ ಪಕ್ಷ, ಸೈನಿಕರನ್ನು ವಾಪಸು ಕರೆಸುವುದೇ ತಮ್ಮ ಮೊದಲಿನಿಂದಲೂ ಇದ್ದ ಉದ್ದೇಶ ಅಂತ ಘೋಷಿಸಿತು. ಗೋಡೆಗಳ ಮೇಲಿನ 'ಹೆಜ್ಜೆ ಹಿಂದಿಡೆವು' ಅನ್ನುವುದಕ್ಕೆ ಬಿಳಿ ಬಣ್ಣ ಬಳಿದರು. ಆದರೂ ಸೋತಿತು. ನೂರು ದಿನದಲ್ಲಿ ಯುದ್ಧ ನಿಲ್ಲಿಸುತ್ತೇವೆ ಅಂದವರು ಗೆದ್ದರು.

ಹೊಸ ಮಂತ್ರಿಗಳು ಟೈಪಿಸ್ಟಮ್ಮನ ಅಮಾನತು ರದ್ದು ಮಾಡಿ, ಕ್ಯಾಮೆರಾಗಳ ಮುಂದೆ ಹೂಗುಚ್ಛ ಕೊಟ್ಟು, 'ಇಲಾಖೆಯ ಆತ್ಮಸಾಕ್ಷಿ' ಅಂತ ಕರೆದರು. ಆತ್ಮಸಾಕ್ಷಿಯನ್ನು ಮತ್ತೆ ಮೂರನೇ ಮಹಡಿಯ ಅದೇ ಮೇಜಿಗೆ ಕಳಿಸಿದರು. ನೂರು ದಿನ ಕಳೆಯಿತು, ಇನ್ನೂರು ಕಳೆಯಿತು. ಈಗ ಬಿಟ್ಟು ಬಂದರೆ ಸೋತೆವು ಅಂತಾಗುತ್ತದೆ, ಸೋತದ್ದು ನಮ್ಮ ಕಾಲದಲ್ಲಿ ಅಂತಾಗುತ್ತದೆ ಅನ್ನುವ ಜ್ಞಾನೋದಯ ಹೊಸಬರಿಗೂ ಆಗಿತ್ತು. ಕಾಗದದ ಕೊನೆಯ ಸಾಲು 'ಜವಾಬ್ದಾರಿಯುತ ನಿರ್ಗಮನದವರೆಗೆ' ಅಂತಾಯಿತು. ನಿರ್ಗಮನಕ್ಕಾಗಿ ಇನ್ನೂ ಮೂರು ವರ್ಷ ಜನ ಸತ್ತರು.

ಹೊಸ ಮಂತ್ರಿಗಳು ಹೂಗುಚ್ಛ ಕೊಡುವ ಹೊತ್ತಿಗೆ ಕಾಲುಚೀಲದ ಪೊಟ್ಟಣ ವಾಪಸು ಬಂದಿತ್ತು. ಅದರ ಮೇಲೆ ಟೈಪಿಸ್ಟಮ್ಮನ ದುಂಡನೆಯ ಅಕ್ಷರ, ಒಂಬತ್ತನೇ ತಾರೀಖಿನ ಅಂಚೆ ಮುದ್ರೆ. ಗುಂಡಿಯಮ್ಮ ಸಂತಾಪದ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದಳು. ಬುಡದಲ್ಲಿ ಸಣ್ಣದಾಗಿ ಎಂಟು. ಎದುರು ಬಾಗಿಲಿಗೆ ಬಂದು ಎರಡನ್ನೂ ಹಿಡಿದಳು.

"ಬೆಳಗ್ಗೆ ಅದನ್ನ ಟೈಪ್ ಮಾಡಿ, ಸಂಜೆ ಇದನ್ನ ಬರೆದ್ಯಾ?"

ಟೈಪಿಸ್ಟಮ್ಮ ಹೂಂ ಅಂದಳು. ಗುಂಡಿಯಮ್ಮ ಒಂದೂವರೆ ವರ್ಷ ಅವಳ ಜೊತೆ ಮಾತಾಡಲಿಲ್ಲ. ಹೂಗುಚ್ಛ ಕೊಟ್ಟವರಿಗೆ ಇದು ಗೊತ್ತಿರಲಿಲ್ಲ. ಟೈಪಿಸ್ಟಮ್ಮನಿಗೆ ಗೊತ್ತಿತ್ತು. ಆತ್ಮಸಾಕ್ಷಿ ಅಂತ ಯಾರಾದರೂ ಕರೆದಾಗ ಅವಳು ಬೇರೆ ಕಡೆ ನೋಡುತ್ತಿದ್ದಳು.

ಎರಡನೇ ವರ್ಷ ಒಂದು ಉಪಚುನಾವಣೆ ಬಂತು. ಅಲ್ಪವಿರಾಮ ಸುತ್ತೋಲೆ ಹಿಡಿದುಕೊಂಡು ಬಂದರು. ಗುರುತಿನ ಪರಿಶೀಲನೆ, ಹೆಚ್ಚಿನ ಎಚ್ಚರಿಕೆ, ಅದೇ ರಾಗ. ಸಹಿ ಮಾತ್ರ ಹೂಗುಚ್ಛ ಕೊಟ್ಟವರದು. ಟೈಪಿಸ್ಟಮ್ಮ ಓದಿ ವಾಪಸು ಕೊಟ್ಟಳು.

"ನಾನು ಮಾಡಲ್ಲ ಸಾರ್. ಆವತ್ತಿನ ಕಾಗದ ಆವತ್ತೇ ಹೋಗುತ್ತೆ. ನಾನೇ ಡಬ್ಬಿಗೆ ಹಾಕ್ತೀನಿ."

"ಮತ್ತೆ ಅಮಾನತು ಮಾಡಿದ್ರೆ?"

"ಆತ್ಮಸಾಕ್ಷೀನ ಎರಡು ಸಲ ಅಮಾನತು ಮಾಡೋಕೆ ಅವರಿಗೆ ಧೈರ್ಯ ಇದ್ರೆ ಮಾಡ್ಲಿ. ಹೂಗುಚ್ಛ ಕೊಟ್ಟ ಫೋಟೋ ಇನ್ನೂ ಎಲ್ರ ಹತ್ರ ಇದೆ."

ಅಲ್ಪವಿರಾಮ ಸುತ್ತೋಲೆಯನ್ನು ಜೇಬಿಗಿಟ್ಟುಕೊಂಡರು. ಪಿಂಚಣಿಗೆ ಐದು ತಿಂಗಳಿತ್ತು. "ನಾನಿದನ್ನ ನಿನಗೆ ತೋರಿಸಿದೆ ಅಂತ ಬರ್ಕೋತೀನಿ, ನೀನು ಓದಿದೆ ಅಂತ ಬರೆಯಲ್ಲ" ಅಂದರು. ಅವರ ಮಟ್ಟಿಗೆ ಅದು ಬಂಡಾಯವೇ. ಅಲ್ಲಿಂದ ಯುದ್ಧ ಮುಗಿಯುವವರೆಗೆ ಟೈಪಿಸ್ಟಮ್ಮ ಪ್ರತಿ ಸಂಜೆ ಮೂರು ಮಹಡಿ ಇಳಿದು, ರಸ್ತೆ ದಾಟಿ, ಕಾಗದಗಳನ್ನು ಅಂಚೆಡಬ್ಬಿಗೆ ತಾನೇ ಹಾಕಿದಳು. ಯಾರೂ ತಡೆಯಲಿಲ್ಲ.

ಗುಂಡಿಯಮ್ಮ ಮತ್ತೆ ಮಾತಾಡಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಒಂದು ದಿನ ಅಂಗಡಿಯ ಷಟರು ಸಿಕ್ಕಿಹಾಕಿಕೊಂಡಿತ್ತು. ದಾರಿಯಲ್ಲಿ ಹೋಗುತ್ತಿದ್ದ ಟೈಪಿಸ್ಟಮ್ಮನನ್ನು ಕರೆದು "ಏ, ಸ್ವಲ್ಪ ಆ ಕಡೆ ಹಿಡಿ" ಅಂದಳು. ಇಬ್ಬರೂ ಸೇರಿ ಎತ್ತಿದರು. ಟೀ ಕುಡಿದರು.

ಯುದ್ಧ ನಿಂತದ್ದು ಮುಂದಿನ ಮಹಾಚುನಾವಣೆಗೆ ಏಳು ವಾರ ಇರುವಾಗ. ಏಳು ವರ್ಷ ಎಳೆದದ್ದನ್ನು ಹನ್ನೊಂದು ದಿನದಲ್ಲಿ ಕಿತ್ತುಕೊಂಡು ಬಂದರು. ಕೊನೆಯ ಹಡಗಿನಿಂದ ಇಳಿದವರಿಗೆ ಸ್ವಾಗತ ಕೋರಲು ಅಭ್ಯರ್ಥಿಗಳೇ ಹೆಚ್ಚಿದ್ದರು. ಆ ಟೀ ಮಾರುವವನು ತನ್ನ ಮಗನನ್ನು ಯಾವ ಕಡೆಗೆ ಸೇರಿಸಿದ್ದನೋ, ಕೇಳಿ ಹೇಳುವವರು ಯಾರೂ ಇರಲಿಲ್ಲ. ಕುಟುಂಬ ಸಂಪರ್ಕ ಶಾಖೆಗೆ ಬೀಗ ಬಿತ್ತು. ಟೈಪಿಸ್ಟಮ್ಮನನ್ನು ನೀರು ಸರಬರಾಜು ಕಚೇರಿಗೆ ವರ್ಗ ಮಾಡಿದರು. ಅಲ್ಲಿ ಅವಳು 'ನಿಮ್ಮ ಮೀಟರು ಕೆಟ್ಟಿದೆ' ಅಂತ ಕಾಗದ ಬರೆಯುತ್ತಾಳೆ. ಜನ ಬಂದು ಬಾಯಿಗೆ ಬಂದ ಹಾಗೆ ಬೈದು ಹೋಗುತ್ತಾರೆ. ಅವಳಿಗೆ ಆ ಬೈಗುಳ ಕೇಳಲು ಹಿತವಾಗಿರುತ್ತದೆ.

ಮತದಾನದ ದಿನ ಇಬ್ಬರು ಹೆಂಗಸರೂ ಜೊತೆಯಲ್ಲೇ ಹೋದರು. ಸಾಲು ಉದ್ದವಿತ್ತು, ಬಿಸಿಲೂ ಇತ್ತು. ವಾಪಸು ಬರುವಾಗ ಗುಂಡಿಯಮ್ಮ ಕೇಳಿದಳು:

"ಯಾರಿಗೆ ಹಾಕಿದೆ?"

"ಹೇಳಬಾರದಕ್ಕಾ, ಗುಟ್ಟು."

"ನನ್ನ ಹತ್ರ ಬಚ್ಚಿಟ್ಟಿದ್ದು ಸಾಕಾಗ್ಲಿಲ್ವಾ ನಿನಗೆ?"

ಟೈಪಿಸ್ಟಮ್ಮ ನಿಂತಳು. ಸುತ್ತ ನೋಡಿ, ಹೆಸರು ಹೇಳಿದಳು.

"ಆ ಕಳ್ಳನಿಗಾ?" ಅಂದಳು ಗುಂಡಿಯಮ್ಮ. ಸ್ವಲ್ಪ ದೂರ ನಡೆದ ಮೇಲೆ, "ನಾನೂ ಅವನಿಗೇ ಹಾಕಿದೆ. ಇನ್ನೊಬ್ಬ ಅವನಿಗಿಂತ ಕಳ್ಳ" ಅಂದಳು. ಆಮೇಲೆ ಇಬ್ಬರೂ ಅಂಗಡಿಯ ಷಟರು ಎತ್ತಲು ಬೇಗ ಬೇಗ ಹೆಜ್ಜೆ ಹಾಕಿದರು, ಗಿರಾಕಿಗಳು ಕಾಯುತ್ತಿದ್ದರು.